ಸೋಂಕು



ಸೋಂಕು ಎಂಬ ಶಬ್ದವು ನಮ್ಮ ನುಡಿಯಲ್ಲಿ ಬಹು ಹಳೆಯದು. ಸ್ಪರ್ಶವೆಂಬುದೇ ಅದರ ಮೊದಲಿನ ಅರ್ಥ. ತಂಗಾಳಿ ಮೈ ಸೋಂಕಿತೆನ್ನುತ್ತೇವೆ. ಗುರುವಿನ ಹಸ್ತ ಸೋಂಕಿದ ಮಸ್ತಕವು ಪಾವನವಾಯಿತೆನ್ನುತ್ತೇವೆ. ವಚನಕಾರರಿಗಂತೂ ಲಿಂಗದ ಸೋಂಕಿಗಿಂತ ಮಿಗಿಲಾದ ಭಾಗ್ಯವಿನ್ನೊಂದಿರಲಿಲ್ಲ. ಸೋಂಕುರೋಗವೆಂಬ ಮಾತು ಮುಂಚೆಯೂ ಇದ್ದಿತು, ನಿಜ. ಆದರೆ 2020ನೆಯ ಇಸವಿಯಲ್ಲಿ ಕೊರೋನಾ ಮಹಾಮಾರಿಯು ಬಂದೆರಗಿದ ಮೇಲೆ ರೋಗವೆಂಬ ಅರ್ಥವೊಂದೇ ಉಳಿದು, ಸ್ಪರ್ಶವೆಂಬ ಅರ್ಥವು ಜನರ ಬಾಯಿಂದ ಹೆಚ್ಚುಕಡಿಮೆ ಅಳಿಸಿಹೋಯಿತು. ಸೋಂಕಿತನೆಂದರೆ ದೂರ ಇರಿಸತಕ್ಕವನೆಂದಾಯಿತು.

ದೂರವಿರುವುದು ಅಂದು ಅವಶ್ಯವಾಗಿದ್ದಿತು. ಅದನ್ನು ನಿಂದಿಸುವ ಉದ್ದೇಶ ನಮಗಿಲ್ಲ. ಭಾರತದಲ್ಲಿ ಈ ರೋಗಕ್ಕೆ ಮೊಟ್ಟಮೊದಲು ಬಲಿಯಾದವರು ನಮ್ಮ ಕಲಬುರಗಿಯ ವೃದ್ಧರೊಬ್ಬರೆಂಬ ವಾರ್ತೆಯು 2020ರ ಮಾರ್ಚಿ 12ರಂದು ದೃಢಪಟ್ಟಿತು. ಮುಂದೆ ಲಕ್ಷಾಂತರ ಜನರು ತೀರಿಕೊಂಡರು. ಉಸಿರಿನಿಂದ ಹರಡುವ ರೋಗಕ್ಕೆ ಲಸಿಕೆಯಿಲ್ಲದ ಆ ದಿನಗಳಲ್ಲಿ ಬಾಗಿಲಿಕ್ಕಿಕೊಂಡು ಕೂಡುವುದಲ್ಲದೆ ಬೇರೆ ಉಪಾಯ ತೋರಲಿಲ್ಲ. ಮುತ್ತಜ್ಜಂದಿರ ಕಾಲದ ಪ್ಲೇಗಿನಲ್ಲಿ ಜನರು ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರೆಂದು ಕೇಳಿದ್ದೇವೆ. ಈ ಮಾರಿಯಲ್ಲಿ ಹೊರಗನ್ನು ಬಿಟ್ಟು ಮನೆಯನ್ನು ಸೇರಬೇಕಾಯಿತು.

ಆದರೆ ಪರರ ಕೈ ಸೋಂಕದೆ ಒಂದು ದಿನವೂ ಬದುಕಲಾರದ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಲೋಕವೆಲ್ಲ ಎರಡು ಗಜದ ಅಂತರವನ್ನು ಪಾಲಿಸುತ್ತಿದ್ದಾಗ ಆ ಮಕ್ಕಳ ಪಾಡೇನಾಯಿತೆಂಬುದನ್ನು ಇಂದು ನಿಮ್ಮೊಡನೆ ವಿಚಾರಿಸಬೇಕೆಂದಿದ್ದೇವೆ. ಮಾರಿ ಹೋಗಿ ವರುಷಗಳು ಕಳೆದುವು, ಈಗೇಕೆ ಈ ಮಾತೆಂದು ಯಾರಾದರೂ ಕೇಳಬಹುದು. ಊರಿನಿಂದ ಅದು ಹೋಯಿತು. ಆ ಮಕ್ಕಳಲ್ಲಿ ಹಲವರ ಮೈಯಿಂದ ಇನ್ನೂ ಹೋಗಿಲ್ಲ.

ವೈದ್ಯರು ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಸ್ಥಿತಿಯೊಂದುಂಟು. ಮಿದುಳಿನ ಪಾರ್ಶ್ವವಾಯುವೆಂದು ಕನ್ನಡದಲ್ಲಿ ಹೇಳುತ್ತಾರೆ. ಸಾವಿರ ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಇದು ಇರುವುದು. ಲಂಡನ್ನಿನ ವಿಲಿಯಂ ಜಾನ್ ಲಿಟಲ್ ಎಂಬ ವೈದ್ಯನು 1861ರಷ್ಟು ಹಿಂದೆಯೇ, ದಿನ ತುಂಬದ ಹೆರಿಗೆ, ಹೆರಿಗೆಯ ವೇಳೆಯಲ್ಲಿ ಉಸಿರು ಕಟ್ಟುವುದು, ಇವುಗಳಿಗೂ ಮಗುವಿನ ಕೈಕಾಲುಗಳ ಸೆಡೆತಕ್ಕೂ ಇರುವ ಸಂಬಂಧವನ್ನು ಎತ್ತಿ ತೋರಿಸಿದನು. ಬಸಿರಿನಲ್ಲಿಯೋ, ಹೆರಿಗೆಯಲ್ಲಿಯೋ, ಹುಟ್ಟಿದ ಹೊಸತರಲ್ಲಿ ಮಿತಿಮೀರಿದ ಕಾಮಾಲೆಯಿಂದಲೋ ಎಳೆಯ ಮಿದುಳಿಗೆ ಪೆಟ್ಟು ತಗಲುತ್ತದೆ. ಕೆಲವು ಮಕ್ಕಳ ಸ್ನಾಯುಗಳು ಹಗ್ಗದಂತೆ ಬಿಗಿದುಕೊಳ್ಳುತ್ತವೆ. ಕೆಲವರಿಗೆ ಕೈಕಾಲುಗಳು ತಮ್ಮ ಇಚ್ಛೆಗೆ ಮೀರಿ ಹೊರಳಾಡುತ್ತವೆ. ಕೆಲವರಿಗೆ ನಾಲಿಗೆಯೂ ಗಂಟಲೂ ಸ್ವಾಧೀನದಲ್ಲಿರುವುದಿಲ್ಲ. ಇದು ಒಬ್ಬರಿಂದೊಬ್ಬರಿಗೆ ಅಂಟುವುದಲ್ಲ. ಮಾತು ತೊದಲಿದರೆ ಬುದ್ಧಿಯೂ ಮಂದವೆಂದು ತಿಳಿಯುವುದು ನಮ್ಮ ಊರುಗಳಲ್ಲಿ ಬೇರೂರಿದ ಅಜ್ಞಾನ. ಮುಂಬಯಿಯಲ್ಲಿ 1972ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಸ್ಥಾಪಿಸಿದ ಮಿಠೂ ಆಲೂರ್ ಅವರ ಮಗಳು ಮಾಲಿನಿ ಛಿಬ್ ಹುಟ್ಟಿನಿಂದ ಇದೇ ಸ್ಥಿತಿಯವರು. ಆಕೆ ಸ್ನಾತಕೋತ್ತರ ಪದವಿ ಪಡೆದು, ಒಂದೇ ಬೆರಳಿನಿಂದ ಯಂತ್ರದ ಅಕ್ಷರಗಳನ್ನೊತ್ತಿ ತಮ್ಮ ಜೀವನಚರಿತ್ರೆಯನ್ನು ಬರೆದರು. ಎಲ್ಲರೂ ಹಾಗಾಗುವರೆಂದಲ್ಲ, ನೋಡಿದ ಮಾತ್ರಕ್ಕೆ ಯಾರೊಬ್ಬರನ್ನೂ ಅಳೆಯಬಾರದೆಂದಷ್ಟೆ ನಮ್ಮ ಮಾತು.

ಇಲ್ಲಿ ಒಂದು ಸೂಕ್ಷ್ಮವನ್ನು ನೀವು ಮನಸ್ಸಿಟ್ಟು ತಿಳಿಯಬೇಕು. ಮಿದುಳಿಗಾದ ಪೆಟ್ಟು ಆದಷ್ಟಕ್ಕೇ ನಿಲ್ಲುತ್ತದೆ, ಬೆಳೆಯುವುದಿಲ್ಲ. ಆದರೆ ಮಗು ಬೆಳೆಯುತ್ತದೆ. ಮೂಳೆ ಉದ್ದವಾಗುತ್ತದೆ, ಬಿಗಿದ ಸ್ನಾಯು ಆ ಮೂಳೆಯೊಡನೆ ಸರಿಸಮನಾಗಿ ಬೆಳೆಯಲಾರದು. ಎಳೆಯ ಸಸಿಗೆ ಕಟ್ಟಿದ ದಾರವನ್ನು ಬಿಚ್ಚಿ ಬಿಚ್ಚಿ ಸಡಿಲಿಸದಿದ್ದರೆ ಕಾಂಡದೊಳಕ್ಕೆ ಅದು ಕಚ್ಚಿಕೊಳ್ಳುವುದನ್ನು ತೋಟ ಮಾಡಿದವರು ಬಲ್ಲರು. ಅಂತೆಯೇ ಈ ಮಕ್ಕಳ ಮೊಣಕಾಲು, ಹಿಮ್ಮಡಿ, ಮಣಿಕಟ್ಟುಗಳನ್ನು ದಿನದಿನವೂ ಮೆಲ್ಲನೆ ನೀಡಿ ಸಡಿಲಿಸಬೇಕು. ಕೂಡುವಾಗ ಬೆನ್ನಿಗೆ ಆಸರೆ, ನಿಲ್ಲುವಾಗ ಕಾಲಿಗೆ ಸ್ಪ್ಲಿಂಟು, ಉಣ್ಣುವಾಗ ತಲೆಗೆ ಆನಿಕೆ ಬೇಕು. ಮೂವರಲ್ಲಿ ಒಬ್ಬರಿಗೆ ತೊಡೆಯ ಮೂಳೆಯ ತಲೆಯು ಸೊಂಟದ ಗೂಡಿನಿಂದ ಜಾರತೊಡಗುವುದುಂಟು. ಅದನ್ನು ಆಗಾಗ್ಗೆ ಕ್ಷಕಿರಣದಿಂದ ನೋಡಿ ತಡೆಯದಿದ್ದರೆ ಮುಂದೆ ಕೂಡುವುದೂ ನೋವಾಗುವುದು. ಆದುದರಿಂದ ಈ ಮಕ್ಕಳ ಪಾಲಿಗೆ ಕಾಲವು ಸುಮ್ಮನೆ ಕಳೆಯುವ ವಸ್ತುವಲ್ಲ. ತಪ್ಪಿಹೋದ ಪಾಠವನ್ನು ಮರುವರುಷ ಕಲಿಯಬಹುದು. ಗಂಟಾಗಿ ನಿಂತ ಮೊಣಕಾಲು ಎಷ್ಟೋ ಸಲ ಶಸ್ತ್ರವೈದ್ಯನ ಕತ್ತಿಯಿಲ್ಲದೆ ಮತ್ತೆ ನೀಡುವುದಿಲ್ಲ.

ಇಂತಿರಲು 2020ರ ಮಾರ್ಚಿ 24ರ ರಾತ್ರಿ ದೇಶಕ್ಕೆ ದೇಶವೇ 21 ದಿನ ಮನೆಯೊಳಗಿರತಕ್ಕದ್ದೆಂಬ ಅಪ್ಪಣೆ ಹೊರಟಿತು. ಇಪ್ಪತ್ತೊಂದು ದಿನಗಳು ಬೆಳೆದು ಮೇ ತಿಂಗಳ ಕೊನೆಯನ್ನು ಮುಟ್ಟಿದುವು. ಮರುವರುಷ ಎರಡನೆಯ ಅಲೆ ಎದ್ದಾಗ ನಮ್ಮ ರಾಜ್ಯವು 2021ರ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಮತ್ತೆ ಕದ ಮುಚ್ಚಿತು. ಇವುಗಳ ನಡುವೆ ಅಂಗಡಿಗಳು ತೆರೆದುವು, ಮದುವೆಗಳು ನಡೆದುವು, ಚುನಾವಣೆಗಳೂ ನಡೆದುವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮಾತ್ರ ಶಾಲೆಯ ಬಾಗಿಲು ತೆರೆದುದು 2021ರ ಅಕ್ಟೋಬರ 25ರಂದು. ಹತ್ತೊಂಬತ್ತು ತಿಂಗಳು! ಎಂಟು ವರುಷದ ಮಗುವಿಗೆ ಹತ್ತೊಂಬತ್ತು ತಿಂಗಳೆಂದರೆ ಆಯುಷ್ಯದ ಐದರಲ್ಲೊಂದು ಪಾಲು.

ಒಂದು ಹಳ್ಳಿಯ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ತಾಯಿ ವಾರಕ್ಕೆರಡು ಬಾರಿ ಮಗನನ್ನು ಕಂಕುಳಲ್ಲೆತ್ತಿಕೊಂಡು ಬಸ್ಸು ಹತ್ತಿ ಜಿಲ್ಲೆಯ ಊರಿಗೆ ಹೋಗುತ್ತಿದ್ದಳು. ಅಲ್ಲಿ ಫಿಜಿಯೋಥೆರಪಿಯವರು ಅವನ ಕಾಲು ನೀಡಿಸುವರು, ಮತ್ತೊಬ್ಬರು ನುಂಗುವುದನ್ನೂ ನುಡಿಯುವುದನ್ನೂ ಕಲಿಸುವರು. ತನ್ನ ಮಗನಂಥ ಬೇರೆ ಮಕ್ಕಳ ತಾಯಂದಿರು ಅಲ್ಲಿ ಅವಳಿಗೆ ಸಿಗುವರು; ಅವರೊಡನೆ ಅರ್ಧ ತಾಸು ಕುಳಿತು ಕಷ್ಟಸುಖ ಆಡಿ ಬರುವುದೇ ಅವಳಿಗೆ ವಾರದ ವಿಶ್ರಾಂತಿ. ಬಸ್ಸು ನಿಂತಿತು. ಕೇಂದ್ರ ಮುಚ್ಚಿತು. ಊರ ಹಾದಿಗೆ ಊರವರೇ ಮುಳ್ಳು ಕಡಿದು ಹಾಕಿದರು. ಔಷಧದ ಅಂಗಡಿಗೆ ವಿನಾಯಿತಿ ಇದ್ದಿತು, ಸರಿ. ಆದರೆ ಮೂರ್ಛೆ ಬರುವ ಮಗುವಿಗೆ ಬೇಕಾದ ಔಷಧವು ಹಳ್ಳಿಯ ಅಂಗಡಿಯಲ್ಲಿ ಸಿಗತಕ್ಕದ್ದೆ? ಈ ಮಕ್ಕಳಲ್ಲಿ ನಾಲ್ಕರಲ್ಲೊಬ್ಬರಿಗಾದರೂ ಮೂರ್ಛೆರೋಗವಿರುತ್ತದೆ. ಆ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ಮೂರ್ಛೆಯು ಮೊದಲಿಗಿಂತ ಬಿರುಸಾಗಿ ತಿರುಗಿ ಬರುವುದುಂಟು. ಸ್ನಾಯುವಿನ ಬಿಗಿತ ಇಳಿಸಲು ಕೆಲವರಿಗೆ ಕೊಡುವ ಚುಚ್ಚುಮದ್ದಿನ ಗುಣವು ಮೂರು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಮರಳಿ ಚುಚ್ಚಿಸಲು ಹೋಗುವ ಬಗೆಯಿರಲಿಲ್ಲ. ಮಗು ಬೆಳೆಯಿತು, ಕಾಲಿನ ಸ್ಪ್ಲಿಂಟು ಗಿಡ್ಡವಾಯಿತು. ಅಳತೆ ತೆಗೆದುಕೊಳ್ಳುವವರು ಯಾರು? ದೊಡ್ಡ ಆಸ್ಪತ್ರೆಗಳು ಕೊರೋನಾ ರೋಗಿಗಳಿಂದ ತುಂಬಿದುವು. ಅವಸರವಲ್ಲದ ಶಸ್ತ್ರಕ್ರಿಯೆಗಳನ್ನೆಲ್ಲ ಮುಂದಕ್ಕೆ ಹಾಕಿದರು. ಸೊಂಟದ ಕೀಲು ಜಾರುವುದು ಯಾರ ಕಣ್ಣಿಗೂ ಅವಸರವಾಗಿ ತೋರುವುದಿಲ್ಲ.

ಊಟದ ವಿಷಯವನ್ನೂ ಹೇಳಬೇಕು. ನುಂಗುವುದು ಕಷ್ಟವಾದ ಮಗುವಿಗೆ ನೆಟ್ಟಗೆ ಕೂಡಿಸಿ, ಗದ್ದವನ್ನು ಆನಿಸಿ, ಗಂಜಿಯನ್ನು ಹದವಾಗಿ ಮಂದಮಾಡಿ, ಒಂದೊಂದೇ ಚಮಚೆ ಉಣಿಸುತ್ತ ಹೋದರೆ ಒಂದು ಹೊತ್ತಿನ ಊಟಕ್ಕೆ ಒಂದು ತಾಸು. ಅವಸರ ಮಾಡಿದರೆ ಅನ್ನವು ಉಸಿರಿನ ಹಾದಿಗೆ ಬಿದ್ದು ಎದೆ ಕಟ್ಟುತ್ತದೆ. ಹೀಗೆ ಕೆಮ್ಮಿದ ಮಗುವಿನ ಮನೆಯತ್ತ ಆ ದಿನಗಳಲ್ಲಿ ನೆರೆಯವರು ಯಾವ ಕಣ್ಣಿನಿಂದ ನೋಡಿರಬಹುದು! ಜೊಲ್ಲು ಸುರಿಯುವ, ತನ್ನ ಕೈಯಿಂದ ತೆಗೆದುಕೊಳ್ಳಲಾರದ ಮಗುವಿಗೆ ಮುಖಗವಸು ತೊಡಿಸುವುದು ಅಪಾಯ. ತೊಡಿಸದೆ ಹೊರಗೆ ಕರೆದೊಯ್ದರೆ ಬೈಗುಳ.

ಸರಕಾರವು ಏನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ಮಾರ್ಚಿ ತಿಂಗಳು ಮುಗಿಯುವುದರೊಳಗೆ ಕೇಂದ್ರದ ಅಂಗವಿಕಲರ ಇಲಾಖೆಯು, ಇಂಥವರ ಆರೈಕೆಗೆ ಹೋಗುವವರಿಗೆ ಪಾಸು ಕೊಟ್ಟು ತಡೆಯದೆ ಬಿಡಬೇಕೆಂದು ರಾಜ್ಯಗಳಿಗೆ ಬರೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾನೂನಿನ ಎಂಟನೆಯ ಕಲಮು, ವಿಪತ್ತಿನ ಕಾಲದಲ್ಲಿ ಇವರಿಗೆ ಸಮಾನ ರಕ್ಷಣೆಯಿರತಕ್ಕದ್ದೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ದಿಲ್ಲಿಯ ಕಾಗದಕ್ಕೂ ಊರ ಹಾದಿಯಲ್ಲಿ ಲಾಠಿ ಹಿಡಿದು ನಿಂತವನಿಗೂ ನಡುವೆ ಬಹು ದೂರವಿದೆ. ಕೇಂದ್ರ ಸರಕಾರವು ವೃದ್ಧರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ಎರಡು ಕಂತುಗಳಲ್ಲಿ 1000 ರೂಪಾಯಿಗಳ ವಿಶೇಷ ಸಹಾಯ ಸಾರಿತು. ಅಂಗವಿಕಲರಲ್ಲಿ ಅದು ಸಲ್ಲುವುದು ಕೇಂದ್ರದ ಪಿಂಚಣಿಯ ಪಟ್ಟಿಯಲ್ಲಿದ್ದವರಿಗೆ, ಎಂದರೆ 18 ವರುಷ ತುಂಬಿ ಶೇಕಡ 80ರಷ್ಟು ಅಂಗವೈಕಲ್ಯವುಳ್ಳ ಬಡವರಿಗೆ. ನಮ್ಮ ಎಂಟು ವರುಷದ ಹುಡುಗನು ಆ ಪಟ್ಟಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಫೋನಿನ ಮೂಲಕ ಚಿಕಿತ್ಸೆ ನಡೆಯಿತೆಂಬುದೂ ನಿಜ. 2020ರ ಮಾರ್ಚಿ 25ರಂದು ದೂರದಿಂದ ವೈದ್ಯ ಮಾಡುವುದಕ್ಕೆ ನಿಯಮಗಳು ಪ್ರಕಟವಾದುವು. ಅನೇಕ ಚಿಕಿತ್ಸಕರು ಫೋನಿನಲ್ಲಿ ಚಿತ್ರ ತೋರಿಸಿ, ಹೀಗೆ ಹಿಡಿಯಿರಿ, ಹಾಗೆ ನೀಡಿರಿ ಎಂದು ತಾಯಂದಿರಿಗೆ ಕಲಿಸಿದರು. ಇದರಿಂದ ಒಂದು ಲಾಭವೂ ಆಯಿತೆನ್ನಬೇಕು: ಕೇಂದ್ರದಲ್ಲಿ ಮಗುವನ್ನು ಮಾತ್ರ ನೋಡುತ್ತಿದ್ದವರು ಈಗ ಮನೆಯ ಹೊಸ್ತಿಲು, ಬಚ್ಚಲು, ಮಗು ಮಲಗುವ ಚಾಪೆ ಎಲ್ಲವನ್ನೂ ಕಂಡರು. ದುಡಿಯಲು ಪಟ್ಟಣಕ್ಕೆ ಹೋಗಿದ್ದ ತಂದೆ ಹಿಂದಿರುಗಿ ಬಂದು, ಮೊದಲ ಬಾರಿಗೆ ಮಗನಿಗೆ ಉಣಿಸಲು ಕಲಿತ ಮನೆಗಳಿದ್ದುವು. ಆದರೆ ಒಂದೇ ಫೋನು, ಅದರಲ್ಲಿಯೇ ಅಕ್ಕನ ಪಾಠವೂ ಆಗಬೇಕು, ಹಣ ಹಾಕಿಸದಿದ್ದರೆ ಅದೂ ಮೂಕ ಎಂಬ ಮನೆಗಳು ಎಷ್ಟಿರಲಿಲ್ಲ? ಬಿಗಿತವು ಎಲ್ಲಿ ಎಷ್ಟಿದೆಯೆಂಬುದನ್ನು ಬಲ್ಲುದು ಕೈಯೊಂದೇ. ಕೈಯ ಅರಿವು ತಂತಿಯ ಮೇಲೆ ಹರಿದು ಬರುವುದಿಲ್ಲ.

ಕಡೆಗೆ ಉಳಿದುವು ತಾಯಿಯ ಎರಡು ಕೈಗಳು. ಅಡುಗೆ, ನೀರು, ದನ, ಕೆಲಸವಿಲ್ಲದೆ ಕುಳಿತ ಗಂಡಸರ ಸಿಡುಕು, ಇವೆಲ್ಲವುಗಳ ನಡುವೆ ದಿನಕ್ಕೆ ಹತ್ತು ಬಾರಿ ಮಗುವನ್ನೆತ್ತಿ ಇಳಿಸುವ ಕೈಗಳು. ಮಗು ಮಾತ್ರ ಬೆಳೆಯುತ್ತಿತ್ತು. ತಾಯಿಯ ಬೆನ್ನು ಸವೆಯುತ್ತಿತ್ತು. ತಾಯಿಯಾದವಳು ಇದನ್ನೆಲ್ಲ ಸಂತೋಷದಿಂದ ಮಾಡುತ್ತಾಳೆಂದು ನಾವು ಕೂತಲ್ಲಿಂದಲೇ ಕೊಂಡಾಡುತ್ತೇವೆ. ಆ ಕೊಂಡಾಟವನ್ನು ಕೇಳಿ ನಮಗೆ ನಾಚಿಕೆಯಾಗುತ್ತದೆ. ಹೊಗಳಿಕೆಯು ಒಂದು ಕೊಡ ನೀರನ್ನೂ ಹೊತ್ತು ತರುವುದಿಲ್ಲ.

ಇನ್ನು ನಮ್ಮ ಮನಸ್ಸಿನೊಳಗಿನ ಸೋಂಕಿನ ಮಾತು. ಲಾಕ್‌ಡೌನಿಗೆ ಮೂರು ತಿಂಗಳ ಮುಂಚೆ, 2019ರ ಡಿಸೆಂಬರ 26ರ ಸೂರ್ಯಗ್ರಹಣದ ದಿನ, ಅದೇ ಕಲಬುರಗಿ ಸೀಮೆಯ ಒಂದು ಹಳ್ಳಿಯಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಹೂಳಿ ನಿಲ್ಲಿಸಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದುವು. ಗ್ರಹಣಕಾಲದಲ್ಲಿ ಹಾಗೆ ಮಾಡಿದರೆ ಕಾಲು ಬರುವುದೆಂಬ ನಂಬಿಕೆ. ಓದಿದವರೆಲ್ಲ ಆ ತಾಯಿತಂದೆಗಳನ್ನು ಮೂಢರೆಂದು ಹಳಿದರು. ಗ್ರಹಣವು ಯಾವ ಕಾಲನ್ನೂ ಕೊಡಲಾರದು, ಕೆಡಿಸಲೂ ಆರದು, ಅದರಲ್ಲಿ ಸಂದೇಹವಿಲ್ಲ. ಆದರೆ ಮಗುವನ್ನು ತಣ್ಣನೆಯ ಮಣ್ಣಿನಲ್ಲಿ ನಿಲ್ಲಿಸಿ ಪಕ್ಕದಲ್ಲಿ ಕುಳಿತ ಆ ತಾಯಿಯ ಆಸೆಯನ್ನು ನೋಡಿರಿ. ಅವಳ ಬಾಗಿಲಿಗೆ ಅಲ್ಲಿಯವರೆಗೆ ಬಲ್ಲವರೊಬ್ಬರು ಹೋಗಿ, ಅಮ್ಮಾ, ಇದು ಹೀಗೆ, ಇದಕ್ಕೆ ಮಾಡಬೇಕಾದುದು ಇಷ್ಟು ಎಂದು ಹೇಳಿದ್ದರೆ ಅವಳು ಗುಂಡಿ ತೋಡುತ್ತಿದ್ದಳೆ?

ಗ್ರಹಣಕ್ಕೆ ಅಂಜದ, ಪಂಚಸೂತಕಗಳನ್ನು ಒಪ್ಪದ ಧರ್ಮ ನಮ್ಮದೆಂದು ನಾವು ವೇದಿಕೆಯ ಮೇಲೆ ಹೇಳಿಕೊಳ್ಳುತ್ತೇವೆ. ಮನೆಗೆ ಬಂದು ಅಂಥ ಮಗುವನ್ನು ಕಂಡೊಡನೆ, ಹಿಂದಿನ ಜನ್ಮದಲ್ಲಿ ಯಾರು ಏನು ಮಾಡಿದ್ದರೋ ಎಂದು ಪಿಸುನುಡಿಯುವ ನಾಲಿಗೆಯೂ ನಮ್ಮದೇ. ಬಸುರಿ ಹೆಂಗಸರನ್ನು ಆ ಮಗುವಿನ ಮುಂದೆ ಹಾಯಬೇಡವೆನ್ನುವ ಅತ್ತೆಯಂದಿರೂ ಹಣೆಗೆ ವಿಭೂತಿ ಧರಿಸಿಯೇ ಇರುತ್ತಾರೆ. ಇದಕ್ಕೆ ಆರನೆಯ ಸೂತಕವೆಂದು ಹೆಸರಿಡಬಹುದಲ್ಲವೆ? ಲಾಕ್‌ಡೌನಿನ ಕಾಲದಲ್ಲಿ ಈ ಸೂತಕಕ್ಕೆ ಆರೋಗ್ಯದ ನೆಪವೊಂದು ಸಿಕ್ಕಿತು. ಮೊದಲೇ ಬರುವವರು ಕಡಿಮೆಯಾಗಿದ್ದ ಮನೆಗೆ ಆಮೇಲೆ ಯಾರೂ ಬಾರದಾದರು. ರೋಗದ ಅಂಜಿಕೆ ತೀರಿದ ಮೇಲೂ ಎಷ್ಟೋ ಮಂದಿ ಹಿಂದಿರುಗಲಿಲ್ಲವೆಂಬುದು ವಿಚಾರಮಾಡತಕ್ಕ ಸಂಗತಿ.

ಲಿಂಗಧಾರಣೆಯ ಕ್ರಮವನ್ನು ನೆನೆಯಿರಿ. ಹುಟ್ಟಿದ ಶಿಶುವಿಗೆ ನಮ್ಮಲ್ಲಿ ಲಿಂಗವನ್ನು ಕಟ್ಟುತ್ತಾರೆ. ಈ ಕೈ ಮುಂದೆ ಬಿಚ್ಚುವುದೋ, ಈ ಕಾಲು ನಡೆಯುವುದೋ, ಈ ನಾಲಿಗೆ ನುಡಿಯುವುದೋ ಎಂದು ಆಗ ಯಾರೂ ಪರೀಕ್ಷಿಸುವುದಿಲ್ಲ. ಬೆಳೆದ ಮೇಲೆ ಎಡಗೈಯ ಮೇಲೆ ಇಷ್ಟಲಿಂಗವನ್ನಿಟ್ಟು ಪೂಜಿಸಬೇಕು. ಮುಷ್ಟಿ ಬಿಗಿದೇ ಇರುವ ಮಗುವಿನ ಕೈಯಲ್ಲಿ ಅದು ಹೇಗೆ ನಿಲ್ಲಬೇಕು? ತಾಯಿ ಮೊದಲು ಆ ಮಣಿಕಟ್ಟನ್ನು ತುಸು ಬಾಗಿಸಿ, ಹೆಬ್ಬೆರಳನ್ನು ಮೆಲ್ಲನೆ ಹೊರತೆಗೆದು, ಉಳಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು. ಚಿಕಿತ್ಸಕರು ಕಲಿಸುವುದೂ ಇದನ್ನೇ; ಬಲದಿಂದ ಎಳೆದರೆ ಮುಷ್ಟಿ ಇನ್ನೂ ಬಿಗಿಯುತ್ತದೆ. ಹೀಗೆ ಅರಳಿದ ಅಂಗೈಯನ್ನು ತನ್ನ ಅಂಗೈಯಲ್ಲಿ ಹಿಡಿದು, ಅದರ ಮೇಲೆ ಲಿಂಗವನ್ನಿರಿಸಿದರೆ ಪೂಜೆ ಯಾರದು, ಚಿಕಿತ್ಸೆ ಯಾವುದು ಎಂದು ಬೇರ್ಪಡಿಸಲು ನಮಗಂತೂ ಬಾರದು.

ಮಠಗಳು ಅಂಗಹೀನರ ಕೈ ಹಿಡಿದುದು ನಮ್ಮ ನಾಡಿಗೆ ಹೊಸತಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳಿಗೆ ಸಂಗೀತದ ಶಿಕ್ಷಣ ಕೊಡಿಸಿದರು. ಗವಾಯಿಗಳ ಬಳಿಕ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರವರೆಗೆ ಬಾಳಿ ಬೆಳಗಿಸಿದರು. ಅದನ್ನು ನೆನೆದಾಗಲೆಲ್ಲ ಎದೆ ತುಂಬಿಬರುತ್ತದೆ. ಒಂದು ಸಂದೇಹವೂ ಬರುತ್ತದೆ. ಆ ಮಕ್ಕಳು ಹಾಡಿದರೆಂದು ನಾವು ಅವರನ್ನು ಹೊತ್ತು ಮೆರೆಸಿದೆವೋ? ಹಾಡದ, ಮಾತಾಡದ, ಯಾವ ಸಭೆಯಲ್ಲಿಯೂ ಚಪ್ಪಾಳೆ ಗಿಟ್ಟಿಸದ ಮಗುವಿಗೂ ನಮ್ಮ ದಾಸೋಹದ ಪಂಕ್ತಿಯಲ್ಲಿ ಎಲೆ ಹಾಕುವೆವೋ? ಲಾಕ್‌ಡೌನಿನ ದಿನಗಳಲ್ಲಿ ಎಷ್ಟೋ ಮಠಗಳು, ಎಷ್ಟೋ ತರುಣರು ದಾರಿ ನಡೆದವರಿಗೆ ಅನ್ನ ನೀಡಿದರು. ಅದು ದೊಡ್ಡ ದಾಸೋಹವೇ ಸರಿ. ಆದರೆ ದಾರಿಗೆ ಬಂದು ನಿಲ್ಲಲಾರದವನಿಗೆ ಆ ದಾಸೋಹವು ಸಂದಿತೆ? ಅವನ ಮನೆಗೆ ಜೋಳದ ಚೀಲ ಬಂದೀತು. ಒಂದು ತಾಸು ಕುಳಿತು ಉಣಿಸುವ ಕೈ ಬಂದಿತೆ?

ಕೈಯ ದಾಸೋಹವೆಂದು ಇದನ್ನು ಕರೆಯೋಣ. ವೈದ್ಯ ಸಂಗಣ್ಣನವರ ಕಾಯಕವೂ ಪರರ ಮೈ ಮುಟ್ಟಿ ಮಾಡುವ ಕಾಯಕವೇ ಆಗಿದ್ದಿತಲ್ಲವೆ? ನಿಮ್ಮ ಊರಿನಲ್ಲಿ ಇಂಥ ಮಕ್ಕಳು ಎಷ್ಟು ಮನೆಗಳಲ್ಲಿದ್ದಾರೆಂಬುದು ನಿಮ್ಮ ಮಠಕ್ಕೆ ಗೊತ್ತಿದೆಯೆ? ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತನಿಗೆ ಗೊತ್ತಿರುತ್ತದೆ. ಅವನನ್ನು ಕರೆದು ಕೇಳಿರಿ. ಮನೆಯಲ್ಲಿಯೇ ಪಾಠ ಹೇಳುವ ಶಿಕ್ಷಕರನ್ನು ಶಾಲಾ ಇಲಾಖೆಯು ಇಂಥ ಮಕ್ಕಳಿಗಾಗಿ ನೇಮಿಸಿದೆ. ಅವರು ಬರುತ್ತಾರೋ ಇಲ್ಲವೋ ವಿಚಾರಿಸಿರಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ ಹೆಸರು ಬರೆಯಿಸಿದರೆ ವರುಷಕ್ಕೆ ಒಂದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚಕ್ಕೆ ವಿಮೆಯುಂಟು. ಅರ್ಜಿ ತುಂಬಿಕೊಡಲು ಓದಿದ ತರುಣನೊಬ್ಬನನ್ನು ಕಳುಹಿಸಿರಿ. ಮೂರ್ಛೆಯ ಔಷಧ ಬೇಕಾದ ಮನೆಯಲ್ಲಿ ಒಂದು ತಿಂಗಳಿಗಾಗುವಷ್ಟು ಸದಾ ಮಿಗುತಾಯವಾಗಿ ಇರುವಂತೆ ವೈದ್ಯರನ್ನು ಕೇಳಿ ಏರ್ಪಡಿಸಿರಿ. ಇನ್ನೊಂದು ಮಾರಿ ಹೇಳಿ ಬರುವುದಿಲ್ಲ. ತಾಯಿಯ ಹೊರತಾಗಿ ಊರಿನಲ್ಲಿ ಇನ್ನಿಬ್ಬರಾದರೂ ಆ ಮಗುವನ್ನು ಎತ್ತಲು, ಕೂಡಿಸಲು, ಉಣಿಸಲು ಕಲಿತಿರಲಿ. ಕಲಿಯುವುದಕ್ಕೆ ಕೆಲವು ದಿನ ಸಾಕು. ಕಲಿಸುವವಳು ಆ ತಾಯಿಯೇ.

ಆ ಮನೆಗೆ ಹೋದಾಗ ಕೈ ತೊಳೆದುಕೊಂಡು ಒಳಗೆ ಹೋಗಿರಿ. ನೆಗಡಿಯಿದ್ದರೆ ಅಂದು ಹೋಗಬೇಡಿರಿ, ಏಕೆಂದರೆ ಆ ಮಗುವಿನ ಎದೆ ಬಹು ಮೆತು. ಕಣ್ಣಿಗೆ ಬಿದ್ದೊಡನೆ ಲೊಚಗುಟ್ಟಬೇಡಿರಿ. ಮಗುವಿನ ವಿಷಯವನ್ನು ತಾಯಿಯೊಡನೆ ಆಡುವ ಮೊದಲು, ಅದರ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕುಳಿತು, ಹೆಸರು ಹಿಡಿದು ಕರೆದು, ಊಟವಾಯಿತೇನಪ್ಪಾ ಎಂದು ಮಗುವನ್ನೇ ಕೇಳಿರಿ. ಉತ್ತರ ಕೂಡಿಸಿಕೊಳ್ಳಲು ಅದಕ್ಕೆ ಅರ್ಧ ನಿಮಿಷವೋ ಒಂದು ನಿಮಿಷವೋ ಹಿಡಿದೀತು. ತಾಯಿ ನಡುವೆ ಬಾಯಿ ಹಾಕಿ ತಾನೇ ಉತ್ತರಿಸಲು ಬಂದರೆ ಬೇಡವೆನ್ನಿರಿ, ಕುಳಿತೇ ಇರಿ.